ನಮ್ಮ ಹೊಲದ ಸೀಗೆ ಹುಣ್ಣಿಮೆ

ನನ್ನ ನಾಲಿಗೆ ಉದ್ದ ಎಂಬುದು ನಾನು ಮದುವೆಯಾಗಿ ಬಂದ ವರ್ಷವೇ ಊರಿಗೆಲ್ಲ ಹಬ್ಬಿದ ಸುದ್ದಿ. ಹಬ್ಬಿಸಿದವರು ನಮ್ಮ ಅತ್ತೆಯೇ. ನೀರು ಸೇದಲು ಹೋದಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಹಳಿಯಾಳದ ಸಂತೆಯಲ್ಲಿ, ಎಲ್ಲೆಲ್ಲಿ ನಾಲ್ಕು ಹೆಂಗಸರು ಸಿಕ್ಕರೋ ಅಲ್ಲೆಲ್ಲ, "ಮುಂಡಗೋಡದ ಕಡೆ ಹೆಣ್ಣ ತಂದೇವ್ರಿ, ಕೆಲಸಾ ಛಲೋ ಮಾಡತೈತಿ, ನಾಲಿಗಿ ಮಾತ್ರ ಮೊಳಾ ಐತಿ" ಎಂದು ಹೇಳಿಕೊಂಡು ಬಂದರು. ಆಗ ಕೇಳಿ ಅಳು ಬಂದಿತ್ತು. ಈಗ ಬರುವುದಿಲ್ಲ. ಆ ಮೊಳದುದ್ದದ ನಾಲಿಗೆ ಇಲ್ಲದಿದ್ದರೆ ನಮ್ಮ ಕೆಳಗಿನ ಹೊಲದಲ್ಲಿ ಇವತ್ತು ಭತ್ತ ಇರುತ್ತಿರಲಿಲ್ಲ.

ಕೆಳಗಿನ ಹೊಲ ಎಂದರೆ ದೊಡ್ಡದೇನೂ ಅಲ್ಲ. ಮೇಲೆ ರಸ್ತೆಗೆ ಹತ್ತಿದ ನಮ್ಮ ಹೊಲವೆಲ್ಲ ಕಬ್ಬು. ಅಲ್ಲಿಂದ ಇಳಿಜಾರಿನಲ್ಲಿ ಇಳಿದು ಹೋದರೆ ಹಳ್ಳದ ಮಗ್ಗುಲಿಗೆ ಒಂದು ತುಂಡು ಕಪ್ಪು ಮಣ್ಣಿನ ಹೊಲ ಸಿಗುತ್ತದೆ. ಹಳ್ಳದ ಆಚೆ ಅರಣ್ಯ ಇಲಾಖೆಯ ಕಾಡು. ಆ ತುಂಡಿನಲ್ಲಿ ನಮ್ಮ ಮಾವನ ಕಾಲದಿಂದಲೂ ಭತ್ತವೇ ಬೆಳೆದದ್ದು. ಊರಿನಲ್ಲಿ ಹೆಚ್ಚಿನವರು ಒಬ್ಬರ ನಂತರ ಒಬ್ಬರು ಭತ್ತ ಕಿತ್ತು ಕಬ್ಬು ಹಾಕಿದರು. ಕೊನೆಗೆ ಹಳ್ಳದ ಈ ತಲೆಯಲ್ಲಿ ನಮ್ಮದೊಂದೇ ಉಳಿಯಿತು, ಬೋಳು ತಲೆಯ ಹಿಂದೆ ಉಳಿದ ಜುಟ್ಟಿನಂತೆ.

ಆ ಜುಟ್ಟನ್ನೂ ತೆಗೆಯಬೇಕೆಂದು ಕೂತವನು ನನ್ನ ಮೈದುನ. ಬೇಸಾಯವೆಲ್ಲ ಅವನದೇ. ನಮ್ಮವರು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಶಿಫ್ಟಿನ ಮೇಲೆ ದುಡಿಯುತ್ತಾರೆ. ಮನೆಯಲ್ಲಿ ಜಗಳವಾಗುವ ದಿನ ಅವರಿಗೆ ಯಾವಾಗಲೂ ಸೆಕೆಂಡ್ ಶಿಫ್ಟೇ ಇರುತ್ತದೆ, ಅದು ಹೇಗೋ ನನಗೆ ಇನ್ನೂ ತಿಳಿದಿಲ್ಲ. ಇದ್ದರೂ ಅವರ ಮಾತು ಒಂದೇ. ತಮ್ಮ ಹೇಳಿದರೆ "ಹೌದಪಾ", ನಾನು ಹೇಳಿದರೆ "ಹೌದ ಬಿಡ", ತಾಯಿ ಹೇಳಿದರೆ "ಹೌದಬೇ". ಹೀಗಾಗಿ ಹೊಲದ ಜಗಳ ನನಗೂ ಮೈದುನನಿಗೂ ನಡುವೆಯೇ.

ಕಬ್ಬಿನ ಮೇಲೆ ನನಗೇನೂ ಹಗೆಯಿಲ್ಲ. ಬೆಲ್ಲದ ಚಹಾ ಕುಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಆದರೆ ಊರಿಗೆ ಊರೇ ಒಂದೇ ಪೈರನ್ನು ನೆಚ್ಚಿ ಕೂತು, ಅದಕ್ಕೆ ಬೇಸಿಗೆಯಿಡೀ ಬೋರಿನ ನೀರು ಕುಡಿಸಿ, ಆ ಬೇಸಿಗೆಯೂ ವರ್ಷದಿಂದ ವರ್ಷಕ್ಕೆ ಕಾವಲಿಯಾಗುತ್ತ ಹೋದರೆ ಮುಂದೇನು ಎಂಬ ಪ್ರಶ್ನೆ ಕೇಳುವ ಹಕ್ಕು ನನಗಿದೆ. ನಾನು ಬಂದ ಹೊಸದರಲ್ಲಿ ನಮ್ಮ ಹಳ್ಳ ಯುಗಾದಿಯ ತನಕ ಹರಿಯುತ್ತಿತ್ತು. ಈಗ ಶಿವರಾತ್ರಿಗೆ ಅದರ ಕಲ್ಲು ಒಣಗಿರುತ್ತದೆ. ಇದನ್ನು ಹೇಳಿದರೆ ಮೈದುನ, "ಕಾಲಾ ಕೆಟ್ಟೈತ್ರಿ ವೈನಿ, ಕಾಲಕ್ಕ ತಕ್ಕಂಗ ನಾವ ಹೋಗಬೇಕು" ಅನ್ನುತ್ತಿದ್ದ. ಕಾಲಕ್ಕೆ ತಕ್ಕಂತೆ ಹೋಗಬೇಕು ಎಂದು ನಾನೂ ಹೇಳುತ್ತಿದ್ದೆ. ಇಬ್ಬರ ಮಾತೂ ಒಂದೇ. ಅವನು ಭತ್ತ ಬಿಡಬೇಕು ಅನ್ನುತ್ತಿದ್ದ, ನಾನು ಭತ್ತ ಬಿತ್ತುವ ದಿನ ಬಿಡಬೇಕು ಅನ್ನುತ್ತಿದ್ದೆ.

ನಮ್ಮ ಕಡೆ ಭತ್ತ ನಾಟಿ ಮಾಡುವುದಿಲ್ಲ, ಬಿತ್ತುತ್ತೇವೆ. ಮಳೆ ಬರುವ ಮೊದಲೇ, ಒಣ ಮಣ್ಣಿನಲ್ಲಿ, ರೋಹಿಣಿ ಮಳೆಯ ಲೆಕ್ಕ ಹಿಡಿದು ಕೂರಿಗೆಯಿಂದ ಬಿತ್ತುತ್ತೇವೆ. ರೋಹಿಣಿ ಹನಿಯುತ್ತದೆ, ಮೊಳಕೆ ಏಳುತ್ತದೆ, ಮಿರಗದ, ಅಂದರೆ ಮೃಗಶಿರದ, ಮಳೆ ಬಂದು ಅದನ್ನು ಎತ್ತಿಕೊಳ್ಳುತ್ತದೆ. ಇದು ಅಜ್ಜ ಮುತ್ತಜ್ಜರ ಕಾಲದ ಒಪ್ಪಂದ. ಮಳೆ ಆ ಒಪ್ಪಂದವನ್ನು ಯಾವಾಗಲೋ ಮುರಿದಿದೆ, ನಾವು ಮಾತ್ರ ಇನ್ನೂ ಹಿಡಿದುಕೊಂಡು ಕೂತಿದ್ದೇವೆ.

ಎರಡು ವರ್ಷದ ಕೆಳಗೆ ಆದದ್ದು ಅದೇ. ರೋಹಿಣಿ ಒಂದೇ ಒಂದು ದಿನ ಗುಡುಗಿ ಸುರಿದು, ಕಾಳನ್ನೆಲ್ಲ ಎಬ್ಬಿಸಿ, ಬೆನ್ನು ತೋರಿಸಿ ಹೋಯಿತು. ಮಿರಗದಲ್ಲಿ ಬಿಸಿಲು. ಜೂನಿನಲ್ಲಿ ಏಪ್ರಿಲ್ಲಿನಂಥ ಬಿಸಿಲು. ಹೊಲಕ್ಕೆ ಹೋಗಿ ನೋಡಿದರೆ ಸಾಲಿಗೆ ಸಾಲೇ ಮೊಳಕೆ ಸುಟ್ಟು ಕಾಗದವಾಗಿತ್ತು. ಮೈದುನ ಅಂಗಡಿಯಿಂದ ಬೀಜ ತಂದು ಮತ್ತೆ ಬಿತ್ತಿದ. ಅದನ್ನು ಶ್ರಾವಣದ ಮಳೆ ಮಣ್ಣು ಸಮೇತ ಹಳ್ಳಕ್ಕೆ ಎಳೆದುಕೊಂಡು ಹೋಯಿತು. ಆ ವರ್ಷ ನಮ್ಮ ಮನೆಯ ಕಣಜಕ್ಕೆ ಸೆಗಣಿ ಸಾರಿಸಿ, ಪೂಜೆ ಮಾಡಿ, ಖಾಲಿ ಇಟ್ಟೆವು. ಅತ್ತೆ ಅದರ ಮುಂದೆ ಹಾಯುವಾಗಲೆಲ್ಲ ಮುಖ ಆಚೆ ತಿರುಗಿಸುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಮೈದುನ ಅಂಗಳದ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟ. ಕೆಳಗಿನ ಹೊಲಕ್ಕೂ ಕಬ್ಬು.

"ಒಂದ ವರ್ಸ ನನಗ ಬಿಡ ತಮ್ಮಾ" ಅಂದೆ. "ಬೀಜಾ ನಂದು, ಬಿತ್ತೂದು ನಂದು. ನೀ ಆ ಕಡೆ ಹಾಯಬ್ಯಾಡ."

"ಎದಕ್ಕ ವೈನೀ? ಮತ್ತ ಸುಡಾಕೇನ್ರಿ?"

"ಸುಡೂದಿಲ್ಲ. ನಾ ರೋಹಿಣಿಗೆ ಬಿತ್ತಾಕಿ ಅಲ್ಲ."

ಅವನು ನಕ್ಕ. ಅತ್ತೆ ನಗಲಿಲ್ಲ. ಮೈದುನ ಸ್ವಲ್ಪ ಯೋಚಿಸಿ, "ಆತ್ರಿ. ಸೀಗಿ ಹುಣ್ಣಿವಿಗೆ ಹೊಡಿ ಬಂದಿರಬೇಕು. ಬರಲಿಲ್ಲಂದ್ರ ಮರುದಿನಾ ಟ್ರ್ಯಾಕ್ಟರ್ ಇಳಸ್ತೇನಿ, ಕಬ್ಬ ಹಚ್ಚಿ ಲಾವಣಿ ಮಾಡ್ತೇನಿ" ಅಂದ.

"ಬರಲಿಲ್ಲಂದ್ರ ನಿನ್ನ ಟ್ರ್ಯಾಕ್ಟರ್ ಮುಂದ ನಾನ ಕಾಯಿ ಒಡೀತೇನಿ, ಹೋಗ" ಅಂದೆ.

ಈ ಮಾತು ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ತೆನೆ ಇನ್ನೂ ಎಲೆಯ ಒಳಗೇ ಅಡಗಿದ್ದು, ದಂಟು ಉಬ್ಬಿ ನಿಲ್ಲುವುದಕ್ಕೆ ಹೊಡೆ ಅನ್ನುತ್ತೇವೆ. ಸೀಗೆ ಹುಣ್ಣಿಮೆಗೆ ನಮ್ಮಲ್ಲಿ ಪೈರು ಬಸಿರಾಗಿರುತ್ತದೆ. ಬಸುರಿಗೆ ಕುಬಸ ಮಾಡುವಂತೆ ಹೊಲಕ್ಕೂ ಮಾಡುತ್ತೇವೆ. ಕುಬಸದ ರವಿಕೆ ಖಣ ಇಟ್ಟು, ಉಡಿ ತುಂಬಿ, ಬಯಕೆಯ ಊಟ ಒಯ್ದು, ಹುಲ್ಲುಲ್ಲಿಗೋ ಎಂದು ಕೂಗುತ್ತ ನಾಲ್ಕೂ ದಿಕ್ಕಿಗೆ ಚೆಲ್ಲುತ್ತೇವೆ, ಅದೇ ಚರಗ. ರೋಹಿಣಿಗೆ ಬಿತ್ತಿದ ಭತ್ತ ಸೀಗೆ ಹುಣ್ಣಿಮೆಗೆ ಹೊಡೆ ತುಂಬಿರುವುದು ಸೂರ್ಯ ಹುಟ್ಟಿದಷ್ಟೇ ಖಾತ್ರಿ. ಅದಕ್ಕೇ ಅವನು ಆ ದಿನ ಹೇಳಿದ, ಅದಕ್ಕೇ ನಾನು ಒಪ್ಪಿದೆ. ಒಂದೂವರೆ ತಿಂಗಳು ತಡವಾಗಿ ಬಿತ್ತುತ್ತೇನೆ ಎಂದು ಹೊರಟವಳು, ಹಬ್ಬ ಮಾತ್ರ ತನ್ನ ದಿನಕ್ಕೇ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಈ ದಡ್ಡತನ ಮಾಡಲು ನಮ್ಮ ಊರಿನಲ್ಲೇ ಬಾಳಿರಬೇಕು.

ತವರಿನಿಂದ ಕೆಂಪು ಭತ್ತದ ಬೀಜ ತಂದಿದ್ದೆ. ಮುಂಡಗೋಡದ ಕಡೆ ನಮ್ಮ ಅಪ್ಪ ಎತ್ತರದ ಹೊಲದಲ್ಲಿ ಹಾಕುತ್ತಿದ್ದದ್ದು. ನೀರು ಕಡಿಮೆಯಾದರೂ ಗೊಣಗುವುದಿಲ್ಲ, ತಡವಾಗಿ ಬಿತ್ತಿದರೂ ಮುನಿಯುವುದಿಲ್ಲ. ಈ ಗುಣ ಇದ್ದ ಸೊಸೆ ಸಿಕ್ಕಿದ್ದರೆ ಅತ್ತೆಗೆ ಬಹಳ ಆರಾಮಿರುತ್ತಿತ್ತು.

ರೋಹಿಣಿ ಬಂತು. ಊರಲ್ಲಿ ಭತ್ತ ಇಟ್ಟುಕೊಂಡ ನಾಲ್ಕಾರು ಮನೆಯವರು ಹಳ್ಳದ ಆ ತಲೆಗೆ ಕೂರಿಗೆ ಹೂಡಿದರು. ಬೀಜ ನಮ್ಮ ಕಣಜದಲ್ಲೇ ಕೂತಿತು, ನಾನು ಪಡಸಾಲೆಯಲ್ಲಿ ಕೂತೆ. ಅತ್ತೆಗೆ ತಡೆಯಲಾಗಲಿಲ್ಲ.

"ಏನ ಯವ್ವಾ, ರೋಹಿಣಿ ಅಂದ್ರ ಹಳಿಯಾಳ ಸ್ಟ್ಯಾಂಡಿನ ಬಸ್ಸಂತ ತಿಳಿದೀಯೇನ? ಇದ ಹ್ವಾದ್ರ ಇನ್ನೊಂದ ಬರತೈತಿ ಅಂತ ಕುಂತೀಯಲ್ಲ?"

"ಹೋದ ವರ್ಸ ಹತ್ತಿದ್ವೆಲ್ಲರೀ ಅತ್ತಿ, ಆ ಬಸ್ಸು ನಡು ದಾರ್ಯಾಗ ಇಳಿಸಿ ಹೋತು."

"ಹಿರ್ಯಾರ ಹಾಕಿದ ದಿನಾ ಅದು. ದಿನಾ ತಪ್ಪಿಸಬಾರದು."

ಆಗ ನನ್ನ ಬಾಯಿಗೆ ಒಂದು ಹಳೆಯ ಮಾತು ಬಂತು. ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ಎಲ್ಲರೂ ಎಣಿಸಿ ಹೇಳಿದ ದಿನ ದಾಟಿ ಹೋಗಿತ್ತು. ಓಣಿಯ ಹೆಂಗಸರು ದಿನಾ ಬಂದು "ಇನ್ನೂ ಇಲ್ಲೇನ? ಇನ್ನೂ ಇಲ್ಲೇನ?" ಎಂದು ನನ್ನ ಜೀವ ತಿನ್ನುತ್ತಿದ್ದರು. ನಾನು ಹೆದರಿ ಮೂಲೆ ಸೇರಿದ್ದೆ. ಆಗ ಇದೇ ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಕೂಸಿಗೆ ಪಂಚಾಂಗ ಓದಾಕ ಬರೂದಿಲ್ಲ, ಅದು ತನ್ನ ಹೊತ್ತಿಗೆ ತಾನ ಬರತೈತಿ. ನೀವ ನಿಮ್ಮ ಮನಿಗೆ ನಡೀರಿ" ಎಂದು ಎಲ್ಲರನ್ನೂ ಅಟ್ಟಿದ್ದರು. ಆ ಒಂದು ಮಾತಿಗಾಗಿ ಅವರ ಉಳಿದ ನೂರು ಮಾತುಗಳನ್ನು ನಾನು ನುಂಗಿಕೊಂಡಿದ್ದೇನೆ.

"ಕೂಸಿಗೆ ಪಂಚಾಂಗ ಬರೂದಿಲ್ಲಂದ್ರ ಭತ್ತಕ್ಕ ಬರತೈತೇನ್ರಿ ಅತ್ತಿ?" ಅಂದೆ.

ಅವರು ನನ್ನ ಮುಖ ನೋಡಿದರು. ತಮ್ಮದೇ ಮಾತು ಗುರುತು ಹತ್ತಿತು. "ನಾಲಿಗಿ" ಎಂದಷ್ಟೇ ಹೇಳಿ ಎದ್ದು ಹೋದರು.

ಮಿರಗ ಹೋಯಿತು, ಆರಿದ್ರ ಹೋಯಿತು. ಊರವರ ಮೊಳಕೆ ಎದ್ದು ಬಾಡಿತು. ಬೋರು ಇದ್ದವರು ನೀರು ಹಾಯಿಸಿ ಉಳಿಸಿಕೊಂಡರು, ಅದು ಸುಳ್ಳಲ್ಲ. ಉಳಿಸಿಕೊಂಡವರೊಬ್ಬರು ನಮ್ಮ ಖಾಲಿ ಹೊಲ ನೋಡಿ, "ಏನ್ರೀ, ಆಟದ ಬಯಲು ಮಾಡೀರೇನು" ಎಂದು ಕೇಳಿದ್ದೂ ಸುಳ್ಳಲ್ಲ. ನಾನು ದಿನಾ ಬೆಳಿಗ್ಗೆ ಹೋಗಿ ಮೊಣಕೈ ಮಟ ಕೈ ಇಳಿಸಿ ಮಣ್ಣು ನೋಡಿ ಬರುತ್ತಿದ್ದೆ. ಮೇಲೆ ಒದ್ದೆ, ಕೆಳಗೆ ಬಿಸಿ. ಕೆಳಗಿನ ಬಿಸಿ ಆರುವ ತನಕ ಬಿತ್ತುವುದಿಲ್ಲ ಎಂದು ಹಟ ಹಿಡಿದೆ. ಒಳಗೊಳಗೆ ಹೆದರಿಕೆ ಇರಲಿಲ್ಲವೇ ಎಂದರೆ, ಇತ್ತು.

ಪುನರ್ವಸು ಮಳೆ ಶನಿವಾರ ಹಿಡಿದದ್ದು ರವಿವಾರ ಸಂಜೆಗೆ ಬಿಟ್ಟಿತು. ಸೋಮವಾರ ಬೆಳಿಗ್ಗೆ ಕೈ ಇಳಿಸಿದರೆ ಮಣ್ಣು ಆಳದ ತನಕ ತಣ್ಣಗಿತ್ತು. ಹದ ಅಂದರೆ ಹದ. ಆಕಾಶದಲ್ಲಿ ಮತ್ತೆ ಮೋಡ ಕವಿಯುತ್ತಿತ್ತು. ಇನ್ನೊಂದು ಮಳೆ ಬಿದ್ದರೆ ಕಪ್ಪು ಮಣ್ಣು ಅಂಟಿನ ಉಂಡೆಯಾಗಿ ವಾರಗಟ್ಟಲೆ ಕಾಲಿಡಲು ಬಿಡುವುದಿಲ್ಲ. ಬಿತ್ತಿದರೆ ಅವತ್ತೇ.

ಆದರೆ ಸೋಮವಾರ. ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಎತ್ತಿನ ಹೆಗಲ ಮೇಲೆ ನೊಗ ಇಡುವುದಿರಲಿ, ಅವತ್ತು ಅದರ ಮೇಲೆ ಬಾರುಕೋಲು ಎತ್ತಿದವನಿಗೂ ಮನೆಯಲ್ಲಿ ಊಟವಿಲ್ಲ. ಮೈದುನನ ಟ್ರ್ಯಾಕ್ಟರಿಗೆ ಈ ನೇಮ ಅನ್ವಯಿಸುವುದಿಲ್ಲ, ಅದು ಸೋಮವಾರವೂ ಗುಡುಗುಡು ಎನ್ನುತ್ತ ಓಡಾಡುತ್ತದೆ. ಅದನ್ನು ಕೇಳುವುದೆಂದರೆ ಅವನನ್ನು ಕೇಳಬೇಕು. ಅದು ನನ್ನಿಂದ ಆಗದ ಕೆಲಸ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಇವತ್ತ ವಾರ ಐತಿ, ನೆಪ್ಪ ಐತೇನ?"

"ವಾರ ಎತ್ತಿಂದರೀ ಅತ್ತಿ. ನಂದಲ್ಲ."

ಬುಟ್ಟಿಯಲ್ಲಿ ಬೀಜ ತುಂಬಿಕೊಂಡು ಹೊರಬಿದ್ದೆ. ಓಣಿಯ ನಾಲ್ಕೈದು ಮಂದಿ ಹೆಂಗಸರನ್ನು ಕೂಗಿ ಕರೆದೆ. ಕಬ್ಬಿನ ಸೋಗೆ ಕಟ್ಟಿ ಕಟ್ಟಿ ಬೇಸತ್ತವರು, ಏನೋ ಹೊಸ ಆಟವೆಂದು ನಗುತ್ತಲೇ ಬಂದರು. ಹಗ್ಗ ಎಳೆದು ಹಿಡಿದೆವು. ಗುದ್ದಲಿಯ ಮೂಲೆಯಿಂದ ಗೆರೆ ಕೊರೆದೆವು. ಗೆರೆಯಲ್ಲಿ ಕಾಳು ಬಿಟ್ಟು, ಹಿಂದಿನವಳು ಕಾಲಿನಿಂದ ಮಣ್ಣು ಮುಚ್ಚುತ್ತ ಬಂದಳು. ನಮ್ಮಲ್ಲಿ ಕೂರಿಗೆ ಹಿಡಿಯುವವರು ಗಂಡಸರು, ಕಾಳು ಬಿಡುವವರು ಹೆಂಗಸರು. ಅವತ್ತು ಕೂರಿಗೆಯೂ ಇಲ್ಲ, ಎತ್ತೂ ಇಲ್ಲ, ಗಂಡಸೂ ಇಲ್ಲ. ಕೊನೆಯ ಸಾಲು ಮುಚ್ಚುವ ಹೊತ್ತಿಗೆ ಬೆನ್ನು ನನ್ನದೋ ಬೇರೆಯವರದೋ ತಿಳಿಯಲಿಲ್ಲ. ಮನೆ ಮುಟ್ಟುವುದರೊಳಗೆ ಮಳೆ ಬಂತು. ಹೆಂಗಸರೆಲ್ಲ ಸೆರಗು ತಲೆಗೆ ಹಾಕಿ ಓಡಿದರು, ನಾನು ಓಡಲಿಲ್ಲ.

ಮೊಳಕೆ ಎದ್ದಿತು. ಸಾಲು ಸೊಟ್ಟಾಗಿತ್ತು, ಅದಕ್ಕೂ ನಗುವವರು ನಕ್ಕರು. ಆಮೇಲೆ ಮಘೆಯ ಹೊತ್ತಿಗೆ ಮಳೆ ಮತ್ತೆ ಕೈಕೊಟ್ಟಿತು. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅನ್ನುತ್ತಾರೆ. ಆ ವರ್ಷ ಮಘೆ ಬರಲೇ ಇಲ್ಲ, ಮನೆ ಮಗ ಮಾತ್ರ ದಾಂಡೇಲಿಯಿಂದ ಬಂದು ಉಂಡು ಹೋದರು.

ಆಗ ಹೊಲವನ್ನು ಉಳಿಸಿದ್ದು ಮೇಲಿನ ಬದುವಿನ ಗಿಡಗಳು. ಅವುಗಳದ್ದೂ ಒಂದು ಜಗಳವೇ. ಕೆಲವು ವರ್ಷದ ಕೆಳಗೆ ನಮ್ಮೂರ ಅರಣ್ಯ ಸಮಿತಿಯ ಸಭೆಯಲ್ಲಿ, ಹಳ್ಳದ ಆಚೆ ಮತ್ತೆ ಸಾಗವಾನಿಯನ್ನೇ ಹಚ್ಚುವ ಮಾತು ಬಂದಾಗ ನಾನು ಎದ್ದು ನಿಂತಿದ್ದೆ. "ಸಾಗವಾನಿ ಬ್ಯಾಸಿಗ್ಯಾಗ ಎಲಿ ಉದುರಿಸಿ ಬತ್ತಲೆ ನಿಂದರತೈತ್ರಿ. ಅದರ ಬುಡಕ್ಕ ಒಂದ ಹುಲ್ಲ ಹಸರ ಇರೂದಿಲ್ಲ. ಕಿಡಿ ಬಿದ್ರ ಗುಡ್ಡಕ್ಕ ಗುಡ್ಡಾನ ಹತ್ತತೈತಿ. ಹಳ್ಳಕ್ಕ ನೆಳ್ಳ ಕೊಡೂ ಗಿಡಾ ಹಚ್ಚರಿ" ಅಂದಿದ್ದೆ. ಗಂಡಸರು ಟೋಪಿ ಸರಿಮಾಡಿಕೊಂಡು ಆಚೀಚೆ ನೋಡಿದರು. ಫಾರೆಸ್ಟರು ಒಳ್ಳೆಯ ಮನುಷ್ಯ, ನಕ್ಕು, "ಅಕ್ಕಾರ, ಕುಳಗಿ ನರ್ಸರ್ಯಾಗ ಎಲ್ಲಾ ಸಸಿ ಅದಾವು. ಒಯ್ಯರಿ, ನಿಮ್ಮ ಹೊಲದಾಗ ಮೊದಲ ಹಚ್ಚಿ ತೋರಸ್ರಿ" ಅಂದರು.

ಅವರು ಚೇಷ್ಟೆಗೆ ಅಂದದ್ದನ್ನು ನಾನು ಖರೇ ಮಾಡಿದೆ. ನಮ್ಮವರನ್ನು ಅಪರೂಪಕ್ಕೊಮ್ಮೆ ಕೆಲಸಕ್ಕೆ ಹಚ್ಚಿ, ಟೆಂಪೋದಲ್ಲಿ ನೇರಳೆ, ಹೊಂಗೆ, ಮತ್ತಿ, ಹಲಸು, ಬಿದಿರಿನ ಸಸಿ ತರಿಸಿದೆ. ಮೇಲಿನ ಬದುವಿಗೆ ಒಂದು ಸಾಲು, ಹಳ್ಳದ ದಂಡೆಗೆ ಒಂದು ಸಾಲು. ಬದುವಿನ ಮೇಲ್ಮಗ್ಗುಲಿಗೆ ಉದ್ದಕ್ಕೂ ಕಾಲುವೆ ತೋಡಿಸಿದೆ, ಮೇಲಿಂದ ಓಡಿ ಬರುವ ನೀರು ಅಲ್ಲಿ ನಿಂತು ಇಂಗಲಿ ಎಂದು. ಅಂದಿನಿಂದ ಮೈದುನನದು ಒಂದೇ ವರಾತ. ನೆರಳಿಗೆ ಅವನ ಕಬ್ಬು ಸಣ್ಣಾಗುತ್ತದಂತೆ. ಒಂದು ಸಲ ಕೊಡಲಿ ಹಿಡಿದೂ ಬಂದಿದ್ದ. "ಮೊದಲ ನನ್ನ ಕಡಿ, ಆಮ್ಯಾಲ ಹೊಂಗಿ ಕಡಿ" ಅಂದೆ. ನನ್ನನ್ನು ಕಡಿಯುವುದು ಹೆಚ್ಚು ಕೆಲಸವೆಂದು ಕಂಡಿರಬೇಕು, ತಿರುಗಿ ಹೋದ.

ಮಘೆ ಒಣಗಿದಾಗ ಆ ಕಾಲುವೆಯ ಕೆಳಗಿನ ಮಣ್ಣು ಇನ್ನೂ ಒದ್ದೆಯಿತ್ತು. ಹೊಂಗೆಯ ಸೊಪ್ಪು ಕಡಿದು ಕಡಿದು ಸಾಲಿನ ನಡುವೆ ಹಾಸಿದೆ. ಬಿಸಿಲು ಮಣ್ಣನ್ನು ಮುಟ್ಟಲಿಲ್ಲ. ಎಲೆ ಸ್ವಲ್ಪ ಸುರುಟಿದವು, ಸಾಯಲಿಲ್ಲ. ಮಘೆಯ ಹಿಂದೆ ಬರುವ ಹುಬ್ಬೆ ಮಳೆಗೆ ಪೈರು ಮತ್ತೆ ತಲೆ ಎತ್ತಿತು. ಕಾಡಿನ ಗಿಡವನ್ನೂ ಹೊಲದ ಪೈರನ್ನೂ ಬೇರೆ ಬೇರೆ ಮನೆಯವರೆಂದು ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನನ್ನ ಕಣ್ಣ ಮುಂದೆ ಒಂದು ಇನ್ನೊಂದಕ್ಕೆ ನೀರು ಕುಡಿಸಿತು.

ಹೀಗೆ ಸೀಗೆ ಹುಣ್ಣಿಮೆ ಬಂತು.

ಹೋಳಿಗೆ, ಸಜ್ಜೆ ಕಡಬು, ಪುಂಡಿ ಪಲ್ಯ, ಎಣ್ಣೆಗಾಯಿ, ಮೊಸರು ಬುತ್ತಿ ಎಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋದೆವು. ಸುತ್ತ ಎಲ್ಲಿ ನೋಡಿದರೂ ಕಬ್ಬು. ಕಬ್ಬಿನಲ್ಲೂ ಜನ ಚರಗ ಚೆಲ್ಲುತ್ತಿದ್ದರು. ಅದಕ್ಕೆ ಬಸಿರೂ ಇಲ್ಲ, ಬಯಕೆಯೂ ಇಲ್ಲ, ಆದರೂ ಹಬ್ಬ ಬಿಡಲಾಗದು, ಏನು ಮಾಡುತ್ತಾರೆ ಪಾಪ. ನಮ್ಮ ಭತ್ತ ತೊಡೆಯುದ್ದ ನಿಂತಿತ್ತು. ಹಸಿರು ಅಂದರೆ ಹಸಿರು. ಆದರೆ ದಂಟು ಚಪ್ಪಟೆ. ಎಲ್ಲೂ ಉಬ್ಬಿಲ್ಲ, ಒಂದು ಹೊಡೆಯೂ ಇಲ್ಲ.

ಮೈದುನ ಬದುವಿನ ಮೇಲೆ ನಿಂತು ಈ ತುದಿಯಿಂದ ಆ ತುದಿಯ ತನಕ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಕಾಯಿ ತಂದೀರೇನ್ರಿ ವೈನಿ?"

ಮೈ ಉರಿಯಿತು. ನಾನು ಹೊಲದೊಳಗೆ ಇಳಿದು ಒಂದು ದಂಟು ಕಿತ್ತು, ಬುಡದ ಹತ್ತಿರ ಉಗುರಿನಿಂದ ಸೀಳಿದೆ. ಒಳಗೆ ದೀಪದ ಬತ್ತಿಯಷ್ಟು ಸಣ್ಣಗೆ, ಬೆಳ್ಳಗೆ, ನವಿರು ನವಿರಾಗಿ ತೆನೆಯ ಕೂಸು ಇತ್ತು. ಅದನ್ನು ಒಯ್ದು ಅತ್ತೆಯ ಅಂಗೈ ಮೇಲೆ ಇಟ್ಟೆ. ಅವರು ಕಣ್ಣ ಹತ್ತಿರ ಹಿಡಿದು ನೋಡಿದರು. ಆಮೇಲೆ ತಾವೇ ಇಳಿದು, ನಾಲ್ಕು ಕಡೆ ದಂಟು ಹಿಡಿದು, ಎರಡು ಬೆರಳಿನ ನಡುವೆ ಒತ್ತಿ ಒತ್ತಿ ನೋಡುತ್ತ ಹೋದರು. ನಮ್ಮವರಿಗೆ ಅವತ್ತು ರಜೆ, ಓಡಿಹೋಗಲು ದಾರಿಯಿರಲಿಲ್ಲ.

ಅತ್ತೆ ಮೇಲೆ ಬಂದು ಬುಟ್ಟಿಯ ಮೇಲಿನ ಬಟ್ಟೆ ಮತ್ತೆ ಮುಚ್ಚಿದರು. "ಇವತ್ತ ಚರಗ ಬ್ಯಾಡ."

"ಅಂದ್ರ?" ಎಂದ ಮೈದುನ.

"ಈಗ ಬಸರ ನಿಂತಾಳ, ಇನ್ನೂ ಹೊಟ್ಟಿ ಕಂಡಿಲ್ಲ. ಹೊಟ್ಟಿ ಕಾಣೂ ಮೊದಲ ಕುಬಸಾ ಮಾಡೂದಿಲ್ಲ."

"ಹಂಗಂದ್ರ ಹೊಡಿ ಇಲ್ಲ. ಮಾತಂದ್ರ ಮಾತವ್ವಾ."

"ಮಾತ ನಿಮ್ಮಿಬ್ಬರದು. ನಾ ಅದರಾಗ ಇಲ್ಲ" ಎಂದು ಅತ್ತೆ ಬುಟ್ಟಿ ನನ್ನ ತಲೆಗೆ ಹೊರಿಸಿದರು. ಸೀಗೆ ಹುಣ್ಣಿಮೆಯ ಬುಟ್ಟಿ ತುಂಬಿದ್ದು ತುಂಬಿದ ಹಾಗೆ ಮನೆಗೆ ಬಂದದ್ದನ್ನು ನಾನು ಎಂದೂ ನೋಡಿರಲಿಲ್ಲ. ಆ ಬುಟ್ಟಿಯಷ್ಟು ಭಾರ ನಾನು ಮತ್ತೇನನ್ನೂ ಹೊತ್ತಿಲ್ಲ.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಇಳಿಯಿತು. ಕಬ್ಬಿನ ಬೀಜದ ತುಂಡು ಕಡಿಸಿ ತಂದಿಟ್ಟಿದ್ದ, ಬಿಟ್ಟರೆ ಒಣಗುತ್ತದೆ, ಅವನದೂ ಅವಸರವಿತ್ತು. ನಾನು ಅವನಿಗಿಂತ ಮೊದಲೇ ಹೋಗಿ ಹೊಲದ ಬಾಯಿಯಲ್ಲಿ ನಿಂತಿದ್ದೆ. ಕೈಯಲ್ಲಿ ತೆಂಗಿನಕಾಯಿ ಇತ್ತು. ಯಾಕೆ ಒಯ್ದೆನೋ ಗೊತ್ತಿಲ್ಲ, ಬಹುಶಃ ಮಾತು ಕೊಟ್ಟ ಕೈಗೆ ಏನಾದರೂ ಹಿಡಿದುಕೊಳ್ಳಲು ಬೇಕಿತ್ತು.

"ಒಡೀರಿ" ಅಂದ.

"ಒಡಿಯೂದಿಲ್ಲ."

"ಮಾತ ಕೊಟ್ಟೀರಿ."

"ಕೊಟ್ಟೇನಿ. ತಪ್ಪೇನಿ. ಊರಾಗ ಹೇಳ್ಕೊಂಡ ಬಾ ಹೋಗ, ವೈನಿ ಮಾತ ತಪ್ಪಿದ್ಲು ಅಂತ. ರೋಹಿಣಿ ವರ್ಸಾ ಮಾತ ತಪ್ಪತೈತಿ, ಮಘಿ ತಪ್ಪೈತಿ, ಅವರನ್ನ ಯಾರೂ ಕೇಳೂದಿಲ್ಲ. ಅವರು ತಪ್ಪಿದ್ದಕ್ಕ ನಾ ತಪ್ಪೇನಿ. ಹೊಲಾ ಏನ ತಪ್ಪ ಮಾಡೇತಿ ಹೇಳ? ಬೀಜಾ ಬಿದ್ದ ದಿನದಿಂದ ಅದು ಒಂದ ದಿನಾನೂ ಕುಂತಿಲ್ಲ."

ಅವನು ಎಂಜಿನ್ ಬಂದ್ ಮಾಡಲಿಲ್ಲ. ನಾನು ಸರಿಯಲಿಲ್ಲ. ಆಗ ಇಳಿಜಾರಿನಲ್ಲಿ ಅತ್ತೆ ಬರುವುದು ಕಂಡಿತು. ಅವರಿಗೆ ಮಂಡಿನೋವು, ಆ ದಾರಿಯಲ್ಲಿ ಒಬ್ಬರೇ ಇಳಿಯುವುದಿಲ್ಲ. ಆದರೂ ಇಳಿದು ಬಂದರು. ಬಂದವರು ನನ್ನ ಕಡೆ ನೋಡಲಿಲ್ಲ, ನೇರ ಟ್ರ್ಯಾಕ್ಟರಿನ ಮುಂದಿನ ಗಾಲಿಗೆ ಕೈ ಊರಿ ನಿಂತರು.

"ನಿನ್ನಿ ನಾ ಕೈ ಮುಟ್ಟಿ ನೋಡೇನಿ" ಅಂದರು ಮಗನಿಗೆ. "ಬಸರಿ ಅದಾಳ. ತಡಾ ಆಗಿ ನಿಂತಾಳ ಅಷ್ಟ. ತಡಾ ಆತಂತ ಬಸರಿನ್ನ ಮನಿ ಬಿಟ್ಟು ಹೊರಗ ಹಾಕೂ ಪದ್ಧತಿ ನಮ್ಮ ಮನ್ಯಾಗ ಇಲ್ಲ. ನಾಳೆ ಬರೂ ನಿನ್ನ ಹೆಂಡ್ತಿಗೂ ಇಲ್ಲ, ನಿಮ್ಮ ವೈನಿಗೂ ಇರಲಿಲ್ಲ, ಹೊಲಕ್ಕೂ ಇಲ್ಲ."

ಎಂಜಿನ್ ನಿಂತಿತು. ಮೈದುನ ಇಳಿದು, ಯಾರ ಮುಖವನ್ನೂ ನೋಡದೆ ಮೇಲಿನ ದಾರಿ ಹಿಡಿದು ನಡೆದೇ ಹೋದ. ತುಂಡುಗಳನ್ನೆಲ್ಲ ರಸ್ತೆಯ ಬದಿಯ ಹೊಲದಲ್ಲಿ ಖಾಲಿ ಬಿದ್ದ ಸಾಲುಗಳಲ್ಲಿ ಹಚ್ಚಿದ. ಆಮೇಲೆ ಎಷ್ಟೋ ದಿನ ನನ್ನ ಕೈಯ ಚಹಾ ಕುಡಿಯಲಿಲ್ಲ. ನಾನೂ ಕುಡಿ ಎಂದು ಅಂಗಲಾಚಲಿಲ್ಲ.

ಸುಗ್ಗಿಯ ಮಾತನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮಗಳು ಹುಟ್ಟಿದಾಗ ಆನೆಯಷ್ಟು ಖುಷಿಪಟ್ಟವಳು ನಾನು, ಭತ್ತ ಹಣ್ಣಾದಾಗ ನಿಜವಾದ ಆನೆಗಳೇ ಬಂದವು. ಊರಿನ ಭತ್ತವೆಲ್ಲ ಕೊಯ್ದು ಮುಗಿದಿತ್ತು, ಹಳ್ಳ ದಾಟಿದರೆ ಅವಕ್ಕೆ ಸಿಗುವುದು ನಮ್ಮದೇ. ಹಳ್ಳದ ಬದಿಯ ಒಂದು ಮೂಲೆಯನ್ನು ತುಳಿದು ಉಂಡು ಹೋದವು. ತಡವಾಗಿ ಬಿತ್ತಿದರೆ ಇದೂ ಒಂದು ಇದೆ, ಅದಕ್ಕೂ ಉಪಾಯ ಹುಡುಕಬೇಕು. ರಾಶಿ ದೊಡ್ಡದಾಗಲಿಲ್ಲ. ಬೀಜಕ್ಕೆ ತೆಗೆದಿಟ್ಟೆವು, ಉಳಿದದ್ದು ಮನೆಯವರು ಉಣ್ಣಲು ಸಾಕಾಯಿತು. ಈ ವರ್ಷ ರೋಹಿಣಿ ಬಂದಾಗ ಮೈದುನ ನನ್ನನ್ನು ಏನೂ ಕೇಳಲಿಲ್ಲ. ನಮ್ಮವರನ್ನು ಕೇಳಿದನಂತೆ, "ವೈನಿ ಯಾವಾಗ ಬಿತ್ತತಾರಂತ?" ನಮ್ಮವರು "ಹೌದಪಾ" ಅಂದರಂತೆ.

ಆದರೆ ನನಗೆ ನೆನಪಿನಲ್ಲಿ ಉಳಿದಿರುವುದು ರಾಶಿಯಲ್ಲ, ದೀಪಾವಳಿ ಮುಗಿದ ಮೇಲಿನ ಒಂದು ಬುಧವಾರ. ಹಬ್ಬವಲ್ಲ, ಹುಣ್ಣಿಮೆಯಲ್ಲ. ಬೆಳಿಗ್ಗೆ ಹೊಲಕ್ಕೆ ಹೋದವಳು ಓಡಿ ಬಂದು ಹೇಳಿದೆ, ಹೊಡೆ ತುಂಬಿದೆ ಎಂದು. ಅತ್ತೆ ಮರುಮಾತಾಡದೆ ಕಡಲೆಬೇಳೆ ನೆನೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಹೋಳಿಗೆ, ಕಡಬು, ಪಲ್ಯ ಎಲ್ಲ ಮತ್ತೊಮ್ಮೆ ಆಯಿತು. ಬುಟ್ಟಿ ನನ್ನ ತಲೆಯ ಮೇಲೆ, ಖಣ ಅತ್ತೆಯ ಕೈಯಲ್ಲಿ. ಓಣಿಯವರು ಬಾಗಿಲಿಗೆ ಬಂದು ನೋಡಿದರು. ಒಬ್ಬಿಬ್ಬರು ಬಾಯಿಗೆ ಸೆರಗು ಹಚ್ಚಿ ನಕ್ಕರು. ನಗಲಿ.

ಐದು ಕಲ್ಲು ತೊಳೆದು, ಸುಣ್ಣ ಬಳಿದು, ಪೈರಿನ ಬುಡದಲ್ಲಿ ಇಟ್ಟೆವು. ವಿಭೂತಿ, ಅರಿಸಿನ, ಕುಂಕುಮ. ಹಸಿರು ಖಣ ಹಾಸಿ ಅತ್ತೆ ಉಡಿ ತುಂಬಿದರು. ತುಂಬುತ್ತ ಒಂದು ದಂಟನ್ನು ಸವರಿದರು, ನನಗೆ ಕುಬಸ ಮಾಡಿದ ದಿನ ನನ್ನ ಹೊಟ್ಟೆ ಸವರಿದ್ದು ಹಾಗೆಯೇ. ನನಗೆ ಕಣ್ಣು ತುಂಬಿ ಬಂದವು, ತುಂಬಿ ಬಂದರೆ ಬರಲಿ ಎಂದು ಬಿಟ್ಟೆ.

ಮೇಲಿನ ರಸ್ತೆಯಲ್ಲಿ ಟ್ರ್ಯಾಕ್ಟರ್ ನಿಂತ ಸದ್ದಾಯಿತು. ಮೈದುನ. ಅಷ್ಟು ದಿನ ಬಾಯಿ ಬಿಡದವನು ಅಲ್ಲಿಂದಲೇ ಕೂಗಿದ, "ಅವ್ವಾ! ಹುಣ್ಣಿವಿ ಮುಗದು ಎಷ್ಟ ದಿನಾ ಆತ! ಊರ ಮಂದಿ ನಗಾಕ ಹತ್ತೇತಿ!"

ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಎದ್ದು ನಿಂತರು.

"ಹಂಗಂದ್ರ ಚಂದ್ರಗ ಹೋಗಿ ಹೇಳೋ! ಬರೂ ವರ್ಸ ನಮ್ಮ ಹೊಲಾನ್ನ ಕೇಳಿ ತುಂಬು ಅಂತ!"

ಆಮೇಲೆ ಅವನು ಟ್ರ್ಯಾಕ್ಟರ್ ಅಲ್ಲೇ ಬಿಟ್ಟು, ಹೊಂಗೆಯ ನೆರಳಿನ ತನಕ ಇಳಿದು ಬಂದು ಕೂತ. ಇನ್ನೂ ಹತ್ತಿರ ಬರಲಿಲ್ಲ. ಚರಗ ಚೆಲ್ಲುವುದು ನಮ್ಮಲ್ಲಿ ಗಂಡಸರ ಕೆಲಸ, ಕೂಗುವುದೂ ಅವರದೇ. ನಾನು ಚರಗದ ಬುಟ್ಟಿ ಎತ್ತಿಕೊಂಡು, ಅವನನ್ನು ಕರೆಯಬೇಕೇನೋ ಎಂದು ಅತ್ತೆಯ ಮುಖ ನೋಡಿದೆ.

"ನನ್ನ ಮಾರಿ ಏನ ನೋಡ್ತೀ?" ಅಂದರು ಅತ್ತೆ. "ನಾಲಿಗಿ ಮೊಳಾ ಐತೆಲ್ಲಾ ನಿಂದು. ಕೂಗ."

"ಹುಲ್ಲುಲ್ಲಿಗೋ" ಎಂದು ಕೂಗಿದೆ, ಹಳ್ಳದ ಆಚೆಯ ಕಾಡಿಗೂ ಕೇಳುವ ಹಾಗೆ.